ಬೀಗದಣ್ಣನ ಎರಡು ಹೊತ್ತಿನ ಮಾತ್ರೆ

ಬೀಗದಣ್ಣನ ಅಂಗಡಿ ಇರುವುದು ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ. ಅಂಗಡಿ ಅಂದರೆ ಅಂಥ ಅಂಗಡಿಯೇನಲ್ಲ, ಎದ್ದು ನಿಂತರೆ ತಲೆಗೆ ಮೆಟ್ಟಿಲು ತಾಗುವ ಒಂದು ಗೂಡು. ಗೋಡೆಯ ತುಂಬ ಮೊಳೆಗಳು, ಮೊಳೆಗಳಲ್ಲಿ ಇನ್ನೂ ಹಲ್ಲು ಕೊರೆಯದ ಕೀಲಿಕೈಗಳ ಗೊಂಚಲು, ಕೀಲಿಕೈ ಕೊರೆಯುವ ಒಂದು ಯಂತ್ರ, ಒಂದು ಸ್ಟೂಲು. ಮನೆಯ ಕೀಲಿಕೈ ಕಳೆದುಕೊಂಡು ಅಳುಮುಖ ಮಾಡಿಕೊಂಡು ಬಂದವರ ಜೊತೆ ಅವನು ಚೀಲ ಹೆಗಲಿಗೇರಿಸಿ ಹೊರಡುತ್ತಾನೆ. ಬಾಗಿಲ ಮುಂದೆ ಕುಕ್ಕರುಗಾಲಲ್ಲಿ ಕೂತು, ಬೀಗಕ್ಕೆ ಕಿವಿಗೊಟ್ಟು, ಎರಡು ತಂತಿ ಆಡಿಸುತ್ತಾನೆ. ಮನೆಯವರು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಬಾಗಿಲು ತೆರೆದಿರುತ್ತದೆ. "ಇಷ್ಟು ಸುಲಭಾನಾ?" ಎಂದು ಅವರು ಗಾಬರಿಯಾದರೆ, "ನನಗೆ ಸುಲಭ, ನೀವು ನಿಶ್ಚಿಂತೆಯಾಗಿ ಮಲಕ್ಕೊಳ್ಳಿ" ಅನ್ನುತ್ತಾನೆ.

ಇಂಥವನು ಒಮ್ಮೆ ಹೆಬ್ಬೆರಳಿನಷ್ಟು ಚಿಕ್ಕ ಬೀಗವೊಂದನ್ನು ತೆಗೆಯದೆ ಸಾಯುವ ಹಂತಕ್ಕೆ ಹೋಗಿದ್ದ. ಅದನ್ನು ನೆನೆದರೆ ನನಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ. ಕೋಪ ನನಗೆ ಸದಾ ಮೂಗಿನ ತುದಿಯಲ್ಲೇ ಇರುತ್ತದೆ, ಅದು ಬೇರೆ ಮಾತು.

ನಾನು ಆಸ್ಪತ್ರೆಯಲ್ಲಿ ಎಚ್‌ಐವಿ ಮಾತ್ರೆ ಕೊಡುವ ಕಿಟಕಿಯಲ್ಲಿ ಕೂರುವವಳು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಆ ಕಿಟಕಿಯಿಂದ ಕೊಡುವುದಕ್ಕೆ ಹೆಚ್ಚೇನೂ ಇರಲಿಲ್ಲ. ಕೆಮ್ಮಿಗೊಂದು, ಭೇದಿಗೊಂದು, ಬಾಯಿಹುಣ್ಣಿಗೊಂದು, ಜೊತೆಗೆ ಒಂದು ಸಮಾಧಾನದ ಮಾತು. ಈ ತಿಂಗಳು ಬಂದವರು ಮುಂದಿನ ತಿಂಗಳು ಬರುತ್ತಿರಲಿಲ್ಲ. ಬೀಗದಣ್ಣನ ಮೊದಲ ಹೆಂಡತಿ ಇದೇ ಕಾಯಿಲೆಯಿಂದ ತೀರಿಕೊಂಡದ್ದು, ಅವನಿಗೂ ಅದು ಇದೆ ಎಂದು ತಿಳಿದದ್ದು ಆ ಕಾಲದಲ್ಲೇ. ಆಮೇಲೆ ಮಾತ್ರೆಗಳು ಬಂದವು. ಬಂದವು ಅಂದರೆ, ಬೊಗಸೆ ತುಂಬ ಬಂದವು. ಹೊತ್ತು ಹೊತ್ತಿಗೆ ನುಂಗಬೇಕು. ನುಂಗಿದರೆ ತಲೆ ಸುತ್ತು, ವಾಕರಿಕೆ, ಪಾದದ ಉರಿ, ನಿದ್ದೆಯಲ್ಲಿ ಚಿತ್ರವಿಚಿತ್ರ ಕನಸು. ಆದರೆ ಜನ ಮುಂದಿನ ತಿಂಗಳೂ ಬರತೊಡಗಿದರು. ಕಿಟಕಿಯ ಮುಂದೆ ಸಾಲು ಬೆಳೆಯಿತು. ಸಾಲು ಬೆಳೆದದ್ದಕ್ಕೆ ಸಂತೋಷಪಟ್ಟ ಗುಮಾಸ್ತೆ ಪ್ರಪಂಚದಲ್ಲಿ ನಾನೊಬ್ಬಳೇ ಇರಬೇಕು.

ಆ ಸಾಲಿನಲ್ಲೇ ಅವನು ಇಸ್ತ್ರಿಯಕ್ಕನನ್ನು ಕಂಡದ್ದು. ಅವಳು ದೊಡ್ಡ ಹೋಟೆಲೊಂದರ ಬಟ್ಟೆ ವಿಭಾಗದಲ್ಲಿ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಗಂಡ ಇದೇ ಕಾಯಿಲೆಯಲ್ಲಿ ಹೋಗಿದ್ದ, ಹೋಗುವ ಮೊದಲು ಇವಳಿಗೂ ಅದನ್ನು ದಾಟಿಸಿದ್ದ. ಬೀಗದಣ್ಣ ಅಂಗೈ ಮೇಲೆ ಮಾತ್ರೆ ಹರಡಿಕೊಂಡು, "ಇಷ್ಟು ನುಂಗಿದ್ರೆ ಊಟಕ್ಕೆ ಜಾಗ ಎಲ್ಲಿ?" ಎಂದು ತನ್ನಷ್ಟಕ್ಕೆ ಗೊಣಗಿದ.

"ಊಟ ಮಾಡದೆ ನುಂಗಿದ್ರೆ ಕರುಳು ಉರಿಯುತ್ತೆ," ಹಿಂದೆ ನಿಂತಿದ್ದ ಅವಳು ಹೇಳಿದಳು. "ಮನೇಲಿ ಅಡುಗೆ ಮಾಡೋರು ಯಾರಿದ್ದಾರೆ?"

"ಯಾರೂ ಇಲ್ಲ."

"ನಿಮಗೆ ಬರುತ್ತಾ?"

"ಬೀಗ ತೆಗೆಯೋಕೆ ಬರುತ್ತೆ."

ಅವಳು ನಕ್ಕಳು. ಆ ಸಾಲಿನಲ್ಲಿ ಯಾರಾದರೂ ನಕ್ಕದ್ದು ನಾನು ಕೇಳಿದ್ದು ಅದೇ ಮೊದಲು. ವರ್ಷ ತುಂಬುವುದರೊಳಗೆ ಇಬ್ಬರೂ ಮದುವೆಯಾದರು. ನೋಂದಣಿ ಕಚೇರಿಯಲ್ಲಿ ಸಾಕ್ಷಿಗೆ ರುಜು ಹಾಕಿದವಳು ನಾನೇ. ಅಂದಿನಿಂದ ನಾನು ಅವನಿಗೆ ಮೇಡಂ ಹೋಗಿ ತಂಗಿಯಾದೆ, ಅವಳಿಗೆ ನಾದಿನಿಯಾದೆ.

ಅವರು ಬಾಡಿಗೆಗೆ ಹಿಡಿದದ್ದು ಒಂದೇ ಕೋಣೆ. ಕೆಳಗೆ ಮನೆಯೊಡತಿ. ಆಕೆಗೆ ಇಲ್ಲದ ಉಸಾಬರಿಯೇ ಇಲ್ಲ. ಮಾತನಾಡಿಸುವ ನೆಪದಲ್ಲಿ ಬಂದು ಪಾತ್ರೆಯ ಮುಚ್ಚಳ ಎತ್ತಿ ನೋಡುವಾಕೆ. ಮಾತ್ರೆಯ ಚೀಟಿ ಆಕೆಯ ಕಣ್ಣಿಗೆ ಬಿದ್ದರೆ ಮನೆಯೂ ಹೋಯಿತು, ಮರ್ಯಾದೆಯೂ ಹೋಯಿತು ಎಂದು ಬೀಗದಣ್ಣನಿಗೆ ಹೆದರಿಕೆ. ಅದಕ್ಕೆ ಎರಡು ತಗಡಿನ ಡಬ್ಬಿ ತಂದ. ಎರಡಕ್ಕೂ ಪುಟ್ಟ ಪುಟ್ಟ ಬೀಗ ಹಾಕಿದ. ಕಾಯಿಲೆಯ ವಿಷಯ ಮೂರನೆಯವರ ಕಿವಿಗೆ ಬೀಳಬಾರದು ಎಂಬುದು ಅವನು ಹಾಕಿದ ಒಂದೇ ಒಂದು ಕರಾರು.

ಕೀಲಿಕೈ ಅದಲುಬದಲು ಮಾಡಿಕೊಳ್ಳುವ ಪದ್ಧತಿ ಮಾತ್ರ ಅವಳದು. ಇಬ್ಬರೂ ತಮ್ಮ ವಿಷಯದಲ್ಲಿ ಶುದ್ಧ ಸೋಮಾರಿಗಳು, ಇನ್ನೊಬ್ಬರ ವಿಷಯದಲ್ಲಿ ಕಣ್ಣಲ್ಲಿ ಕಣ್ಣಿಟ್ಟು ಕಾಯುವವರು. ಆದ್ದರಿಂದ ಅವನ ಡಬ್ಬಿಯ ಕೀಲಿಕೈ ಅವಳ ಕೊರಳಿನ ದಾರದಲ್ಲಿ, ಅವಳ ಡಬ್ಬಿಯದು ಅವನ ಕೊರಳಿನಲ್ಲಿ. ಸಂಜೆ ಕೆಲಸದಿಂದ ಬಂದು ಒಬ್ಬರ ಡಬ್ಬಿಯನ್ನು ಇನ್ನೊಬ್ಬರು ತೆಗೆದು, ಅಂಗೈಗೆ ಮಾತ್ರೆ ಇಟ್ಟು, ನುಂಗುವವರೆಗೂ ಎದುರು ನಿಲ್ಲುತ್ತಿದ್ದರು. ಇದನ್ನು ಕೇಳಿ ನಾನು, "ಇಬ್ಬರೂ ಎಳೇ ಮಕ್ಕಳಾ?" ಎಂದು ರೇಗಿದ್ದೆ. ರಕ್ತದ ವರದಿ ಬಂದಾಗ ಬಾಯಿ ಮುಚ್ಚಿಕೊಂಡೆ. ಇಬ್ಬರ ರಕ್ತದಲ್ಲೂ ವೈರಸ್ಸು ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ವರ್ಷಗಳು ಕಳೆದವು. ಬೊಗಸೆಯಷ್ಟಿದ್ದದ್ದು ದಿನಕ್ಕೊಂದು ಮಾತ್ರೆಯಾಯಿತು. ಅವಳ ಮೂತ್ರಪಿಂಡ ಸ್ವಲ್ಪ ತಕರಾರು ಮಾಡಿದ್ದರಿಂದ ಅವಳದು ಬೇರೆ ಮಾತ್ರೆ, ಅವನದು ಬೇರೆ. ಪದ್ಧತಿ ಹಾಗೇ ಉಳಿಯಿತು.

ಜಗಳ ಬಂದದ್ದು ಅವಳ ಚಿಕ್ಕ ತಂಗಿಯಿಂದ. ಬಂದದ್ದು ಅವಳಿಂದ ಅನ್ನುವುದೂ ತಪ್ಪು, ಪಾಪ. ಆ ಹುಡುಗಿ ಊರಿನ ಇನ್ನೊಂದು ತುದಿಯಲ್ಲಿ ಗಂಡನ ಜೊತೆ ಇದ್ದಳು. ಒಂದು ದಿನ, "ಅಕ್ಕ, ನೀನು ನನ್ನ ಮನೇಲಿ ಒಂದು ರಾತ್ರಿ ಕೂಡ ಉಳಿಯಲ್ಲ, ನಾನೇನು ತಪ್ಪು ಮಾಡಿದೀನಿ?" ಎಂದು ಅತ್ತುಬಿಟ್ಟಳಂತೆ. ಇಸ್ತ್ರಿಯಕ್ಕನಿಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿದಳು, ತನ್ನದೂ, ಗಂಡನದೂ. ತಂಗಿ ಅಕ್ಕನನ್ನು ತಬ್ಬಿಕೊಂಡು, "ಇಷ್ಟು ವರ್ಷ ಒಬ್ಬಳೇ ಹೊಟ್ಟೇಲಿಟ್ಟುಕೊಂಡಿದ್ದೆಯಾ?" ಅಂದಳು. ಅಷ್ಟೇ ಆದದ್ದು.

ಮನೆಗೆ ಬಂದು ಅವಳು ಸಂತೋಷದಿಂದಲೇ ಇದನ್ನು ಹೇಳಿದಳು. ಬೀಗದಣ್ಣ ಕೆಂಡವಾದ.

"ನಿನ್ನದು ನೀನು ಹೇಳ್ಕೋ. ನನ್ನದು ಹೇಳೋಕೆ ನೀನ್ಯಾರು? ನನ್ನ ಮಾನ ಬೀದಿಗೆ ಹಾಕ್ದೆ!"

"ನನ್ನ ತಂಗಿ ಬೀದೀನಾ?"

ಮಾತಿಗೆ ಮಾತು ಬೆಳೆಯಿತು. "ಅಷ್ಟು ಬೇಕಾಗಿದ್ರೆ ಅಲ್ಲೇ ಹೋಗಿರು," ಎಂದುಬಿಟ್ಟ. ಅವಳು ಬಟ್ಟೆಯ ಜೊತೆ ತನ್ನ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಂಡು ಹೊರಟೇಹೋದಳು. ಕೊರಳಿನಲ್ಲಿ ಅವನ ಕೀಲಿಕೈ ಇರುವುದು ಅವಳಿಗೂ ನೆನಪಾಗಲಿಲ್ಲ, ತನ್ನ ಕೊರಳಿನಲ್ಲಿ ಅವಳದಿರುವುದು ಅವನಿಗೂ ನೆನಪಾಗಲಿಲ್ಲ.

ಅವನಿಗೆ ಮೊದಲು ನೆನಪಾಯಿತು. ಅವಳ ಮಾತ್ರೆ ತಪ್ಪಿಹೋಗುತ್ತದಲ್ಲ ಎಂದು ಬೆಳಗಾಗುತ್ತಲೇ ಮೊದಲ ಬಸ್ಸು ಹತ್ತಿ ತಂಗಿಯ ಮನೆಗೆ ಹೋದ. ಆದರೆ ವಿಷಯ ತಿಳಿದ ಆ ಹುಡುಗಿಗೆ ಮುಖ ತೋರಿಸಲು ನಾಚಿಕೆ. ಕೀಲಿಕೈಯನ್ನು ಗೇಟಿನ ಚಿಲಕಕ್ಕೆ ಕಟ್ಟಿ, ಕದ ತಟ್ಟದೆ ವಾಪಸು ಬಂದ. ಈಗ ಅವಳು ನನ್ನ ಕೀಲಿಕೈ ಹಿಡಿದುಕೊಂಡು ಬರುತ್ತಾಳೆ ಎಂದು ಅವನ ಲೆಕ್ಕ. ಅವಳು ಗೇಟಿನಲ್ಲಿ ನೇತಾಡುವ ಕೀಲಿಕೈ ನೋಡಿ, ಬಿಚ್ಚಿಕೊಂಡು ಒಳಗೆ ಹೋದಳು. ನನ್ನ ಕೀಲಿಕೈ ವಾಪಸು ಕೊಟ್ಟ, ಕೈಗೆ ಕೊಡುವುದಕ್ಕೂ ಮನಸ್ಸಿಲ್ಲ, ಅಲ್ಲಿಗೆ ಎಲ್ಲ ಮುಗಿಯಿತು ಎಂದು ಅವಳ ಲೆಕ್ಕ. ಅವನ ಮಾತ್ರೆಯ ಚಿಂತೆ ಅವಳಿಗೆ ಬರಲೇ ಇಲ್ಲ. ಊರಿನ ಬೀಗವನ್ನೆಲ್ಲ ಚಿಟಿಕೆ ಹೊಡೆಯುವಷ್ಟರಲ್ಲಿ ತೆಗೆಯುವ ಗಂಡಸು, ತನ್ನ ಡಬ್ಬಿ ತಾನು ತೆಗೆದುಕೊಳ್ಳುವುದಿಲ್ಲವೇ?

ತಿಂಗಳುಗಳು ಕಳೆದರೂ ಅವನು ತೆಗೆಯಲಿಲ್ಲ.

ಮಾತ್ರೆಯನ್ನು ಕೆಲವು ತಿಂಗಳಿಗೆ ಆಗುವಷ್ಟು ಒಟ್ಟಿಗೇ ಕೊಡುವ ಕಾಲವಾದ್ದರಿಂದ ನನಗೂ ಏನೂ ತಿಳಿಯಲಿಲ್ಲ. ಕೊನೆಗೆ ಸುದ್ದಿ ತಂದವಳು ಆ ತಂಗಿಯೇ. ಬಸ್ಸಿನಿಂದ ಇಳಿದು ಅಂಗಡಿಯ ಕಡೆ ನೋಡಿದರೆ ಬಾಗಿಲು ಹಾಕಿದೆ, ಎದುರಿನ ಟೀ ಅಂಗಡಿಯವನನ್ನು ಕೇಳಿದರೆ, "ಅಣ್ಣಂಗೆ ಜ್ವರ, ಅಂಗಡಿಗೆ ಬಂದು ತುಂಬ ದಿನ ಆಯ್ತು" ಅಂದ. ಅವಳು ಓಡಿಹೋಗಿ ಅಕ್ಕನಿಗೆ ಹೇಳಿದಳು. ಇಸ್ತ್ರಿಯಕ್ಕ ಕೆಲಸದ ಬಟ್ಟೆಯಲ್ಲೇ ಕೋಣೆಗೆ ಬಂದಳು. ಅವನು ಗೋಡೆ ಕಡೆ ತಿರುಗಿ ಮಲಗಿದ್ದ, ಮೈ ಸುಡುತ್ತಿತ್ತು, ಕೆನ್ನೆಯ ಮೂಳೆ ಎದ್ದು ಕಾಣುತ್ತಿತ್ತು. ಅವಳು ಕೊರಳಿನಿಂದ ಕೀಲಿಕೈ ತೆಗೆದು ಡಬ್ಬಿ ತೆರೆದಳು. ಅವಳು ಹೋದ ದಿನ ಎಷ್ಟು ಮಾತ್ರೆ ಇದ್ದವೋ ಅಷ್ಟೂ ಇದ್ದವು.

ಆಸ್ಪತ್ರೆಯ ಹಾಸಿಗೆಯಲ್ಲಿ ಅವನಿಗೆ ಕಣ್ಣು ಬಿಡುವಷ್ಟು ಚೈತನ್ಯ ಬಂದ ಕೂಡಲೇ ನಾನು ಬಾಯಿಗೆ ಬಂದಂತೆ ಬೈದೆ. ಸುತ್ತಲಿನ ರೋಗಿಗಳೆಲ್ಲ ಹೊದಿಕೆ ಎಳೆದುಕೊಂಡರು. "ಒಂದು ತಂತಿ ಸಾಕಿತ್ತಲ್ಲಣ್ಣ! ಒಂದು ತಂತಿ! ಯಾಕೆ ತೆಗೀಲಿಲ್ಲ?"

"ತೆಗೆಯೋದು ಎಡಗೈ ಕೆಲಸ ತಂಗಿ. ಆದ್ರೆ ನಾನೇ ತೆಗೆದುಬಿಟ್ರೆ, ನೀನು ಬರೋದೇ ಬೇಡ ಅಂತ ಅವಳಿಗೆ ನಾನೇ ಹೇಳಿದ ಹಾಗಾಗುತ್ತೆ ಅಲ್ವಾ?"

ಇಸ್ತ್ರಿಯಕ್ಕ ಮಂಚದ ಕಾಲು ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟಳು. ಅವತ್ತು ನಾವು ಮೂವರೂ ಅತ್ತೆವು.

ಜ್ವರ ಇಳಿಯಿತು, ಹಳೆಯ ಮಾತ್ರೆ ಮತ್ತೆ ಶುರುವಾಯಿತು. ಆದರೆ ರಕ್ತದಲ್ಲಿ ವೈರಸ್ಸು ಇಳಿಯಲಿಲ್ಲ. ಡಾಕ್ಟರು ಅವನ ರಕ್ತವನ್ನು ದೂರದ ಪ್ರಯೋಗಾಲಯಕ್ಕೆ ಕಳಿಸಿದರು. ಯಾವ ಯಾವ ಔಷಧಿ ಇನ್ನೂ ಕೆಲಸ ಮಾಡುತ್ತದೆ ಎಂದು ಅಲ್ಲಿಂದ ತಿಳಿಯಬೇಕಿತ್ತು. ಆ ಉತ್ತರ ಬರುವವರೆಗೆ ಇಸ್ತ್ರಿಯಕ್ಕ ದಿನಾ ಕೆಲಸ ಮುಗಿಸಿ ನನ್ನ ಕಿಟಕಿಯ ಹತ್ತಿರ ಬಂದು ನಿಲ್ಲುತ್ತಿದ್ದಳು. ಕೇಳುತ್ತಿರಲಿಲ್ಲ, ನಾನು ತಲೆ ಅಲ್ಲಾಡಿಸಿದರೆ ಹೋಗುತ್ತಿದ್ದಳು.

ವರದಿ ಬಂದ ದಿನ ಡಾಕ್ಟರು ನಮ್ಮನ್ನೆಲ್ಲ ಕೂರಿಸಿಕೊಂಡರು. ಒಳ್ಳೆಯ ಮನುಷ್ಯ, ವಯಸ್ಸು ಚಿಕ್ಕದು. ಬೀಗದಣ್ಣನಿಗೆ ಅರ್ಥವಾಗಲಿ ಎಂದು, "ನೋಡಿ, ವೈರಸ್ಸು ಒಂದು ಬೀಗ ಇದ್ದ ಹಾಗೆ, ಮಾತ್ರೆ ಕೀ ಇದ್ದ ಹಾಗೆ..." ಎಂದು ಶುರುಮಾಡಿದರು.

"ಡಾಕ್ಟ್ರೇ, ಬೀಗದ ವಿಷಯ ನನಗೆ ಬಿಡಿ," ಬೀಗದಣ್ಣ ತಡೆದ. "ಕಾಯಿಲೆ ವಿಷಯ ಸೀದಾ ಹೇಳಿ."

ಡಾಕ್ಟರು ನಕ್ಕು ಸೀದಾ ಹೇಳಿದರು. ನಡುವೆ ನಿಲ್ಲಿಸಿದ್ದು, ಮತ್ತೆ ಶುರುಮಾಡಿದ್ದು, ಇದರಲ್ಲಿ ವೈರಸ್ಸಿಗೆ ಹಳೆಯ ಮಾತ್ರೆ ಅಭ್ಯಾಸವಾಗಿಹೋಗಿದೆ. ಅದು ಇನ್ನು ನಾಟುವುದಿಲ್ಲ. ಅದೇ ಜಾತಿಯ ಉಳಿದವೂ ಅಷ್ಟಕ್ಕಷ್ಟೇ. ಪೂರ್ತಿ ಬೇರೆ ಜಾತಿಯ ಮಾತ್ರೆ ಒಂದಿದೆ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ, ಊಟದ ಜೊತೆ. ಮೊದಮೊದಲು ಹೊಟ್ಟೆ ಬಹಳ ಕೆಡಿಸುತ್ತದೆ. ಅದನ್ನೂ ತಪ್ಪಿಸಿದರೆ ಆಮೇಲೆ ಕೊಡಲು ನಮ್ಮಲ್ಲಿ ಹೆಚ್ಚೇನೂ ಉಳಿದಿಲ್ಲ.

"ಎರಡು ತಿಂಗಳಿಗೊಂದು ಸೂಜಿ ಬಂದಿದೆಯಂತಲ್ಲ, ಅದು ಕೊಡಿ ಇವರಿಗೆ," ಇಸ್ತ್ರಿಯಕ್ಕ ಕೇಳಿದಳು.

"ಆ ಸೂಜಿ ಇವರಿಗೆ ಆಗಲ್ಲಮ್ಮ. ವೈರಸ್ಸು ಹತೋಟಿಯಲ್ಲಿ ಇರೋರಿಗೆ ಮಾತ್ರ. ನಿಮಗೆ ಕೊಡಬಹುದು."

"ಇವರಿಗಿಲ್ಲದ್ದು ನನಗ್ಯಾಕೆ?"

"ತಗೋ," ಬೀಗದಣ್ಣ ಹೇಳಿದ. "ಇಬ್ಬರಲ್ಲಿ ಒಬ್ಬರಿಗಾದ್ರೂ ಈ ಕಾಟ ತಪ್ಪಲಿ."

"ಆಮೇಲೆ ನನ್ನ ಮಾತ್ರೆ ನೀವು ಕೊಡೋ ಹಾಗೇ ಇಲ್ಲ. ಅದು ಗೊತ್ತಾ ನಿಮಗೆ?"

ಡಾಕ್ಟರಿಗೆ ಇದರ ತಲೆಬುಡ ಅರ್ಥವಾಗಲಿಲ್ಲ. ನನಗಾಯಿತು. ಇಷ್ಟು ವರ್ಷದ ಸಂಸಾರದಲ್ಲಿ ಅವರು ಒಬ್ಬರಿಗೊಬ್ಬರು ಪ್ರೀತಿಯ ಮಾತು ಆಡಿದ್ದನ್ನು ನಾನು ಕಂಡಿಲ್ಲ. ಅವರಿಗೆ ಅದೆಲ್ಲ ಬರುತ್ತಿರಲಿಲ್ಲ. ಬರುತ್ತಿದ್ದದ್ದು ಸಂಜೆಯ ಆ ಅಂಗೈ ಒಂದೇ.

ನಿಜವಾದ ತೊಡಕು ಬೆಳಗಿನ ಮಾತ್ರೆಯದು. ಇಸ್ತ್ರಿಯಕ್ಕನ ಪಾಳಿ ನಸುಕಿಗೇ ಶುರು. ಅವನು ಏಳುವ ಹೊತ್ತಿಗೆ ಅವಳು ಬಿಸಿ ಹಬೆಯ ನಡುವೆ ಹಾಸಿಗೆ ಬಟ್ಟೆ ಮಡಿಸುತ್ತಿರುತ್ತಿದ್ದಳು. ಬೆಳಗಿನದನ್ನು ಅವನು ತನ್ನ ಕೈಯಾರೆ ತಾನೇ ನುಂಗಬೇಕು, ಬೇರೆ ದಾರಿಯಿಲ್ಲ. ಅವಳು ಕೆಲಸ ಬಿಡುತ್ತೇನೆ ಅಂದಳು. ನಾನು ಮೇಜು ಕುಟ್ಟಿ, "ಯಾರೂ ಏನೂ ಬಿಡೋದು ಬೇಡ," ಅಂದೆ. "ಅಕ್ಕ, ನೀವು ಸೂಜಿ ತಗೊಳ್ಳಿ. ಅಣ್ಣ, ಸಂಜೇದು ಅವರ ಕೈಯಿಂದ ತಗೊಳ್ಳಿ, ಬೆಳಗಿಂದು ನೀವೇ ನುಂಗಿ. ಅವರಿಗೆ ಏನಾದ್ರೂ ಕೊಡಬೇಕು ಅನ್ನೋ ಆಸೆ ಇದ್ರೆ ಅದನ್ನೇ ಕೊಡಿ."

ಹೇಳುವುದು ಸುಲಭ. ಆ ಮಾತ್ರೆ ಅವನನ್ನು ಹಿಂಡಿಹಾಕಿತು. ಗಿರಾಕಿಯ ಬಾಗಿಲ ಮುಂದೆ ಕೂತವನು ಬೀಗ ಅರ್ಧಕ್ಕೆ ಬಿಟ್ಟು, "ಮೊದಲು ನಿಮ್ಮ ಪಾಯಿಖಾನೆ ತೋರಿಸಿ" ಅನ್ನುವ ಸ್ಥಿತಿ. ಬಾಗಿಲಿಗೇ ಬೀಗ ಹಾಕಿರುವಾಗ ಅವರು ತೋರಿಸುವುದಾದರೂ ಹೇಗೆ? ಇದನ್ನು ಅವನೇ ಹೇಳಿ ನಮ್ಮನ್ನು ನಗಿಸುತ್ತಿದ್ದ. ಆದರೆ ಒಂದು ದಿನ ಒಬ್ಬನೇ ಕಿಟಕಿಗೆ ಬಂದು, "ಸಾಕಾಗಿಹೋಗಿದೆ ತಂಗಿ, ಬಿಟ್ಬಿಡ್ತೀನಿ" ಅಂದ. ನಾನು ಬೈಯಲಿಲ್ಲ. ಒಳಗೆ ಕರೆದು ಬ್ರೆಡ್ಡು, ಟೀ ಕೊಟ್ಟೆ, ಭೇದಿ ನಿಲ್ಲುವುದಕ್ಕೆ ಡಾಕ್ಟರಿಂದ ಬೇರೊಂದು ಮಾತ್ರೆ ಬರೆಸಿಕೊಟ್ಟೆ. ಅವನು ಟೀ ಕುಡಿದು ಮುಗಿಸಿ, ಕಿಸೆಯಿಂದ ಆವತ್ತಿನ ಬೆಳಗಿನ ಮಾತ್ರೆ ತೆಗೆದು, ಅದನ್ನು ಶತ್ರುವಿನಂತೆ ನೋಡಿ, ನುಂಗಿದ. ಮಾರನೆಯ ದಿನವೂ ನುಂಗಿದ. ಹೊಟ್ಟೆ ನಿಧಾನಕ್ಕೆ ಹೊಂದಿಕೊಂಡಿತು. ಆರು ತಿಂಗಳ ಮೇಲೆ ಬಂದ ವರದಿಯಲ್ಲಿ ವೈರಸ್ಸು ಕಾಣಲಿಲ್ಲ. ಇಸ್ತ್ರಿಯಕ್ಕ ಆ ಕಾಗದವನ್ನು ಮಡಿಕೆ ಬೀಳದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ಬಸ್ಸು ಹತ್ತಿದಳು.

ಆಮೇಲಿನ ವರ್ಷಗಳು ಚೆನ್ನಾಗಿದ್ದವು. ಅವಳು ಸೂಜಿ ಚುಚ್ಚಿಸಿಕೊಳ್ಳಲು ಬಂದಾಗ ಅವನು ಜೊತೆಗೆ ಬಂದು, ಅವಳ ಕೈ ಹಿಡಿದು, ಅವಳಿಗಿಂತ ಮೊದಲು ತಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದ. "ಚುಚ್ಚೋದು ನನಗೆ ಕಣ್ರೀ!" ಎಂದು ಅವಳು ನಗುತ್ತಿದ್ದಳು. ತಂಗಿಯ ಮನೆಗೂ ಹೋಗಿಬರತೊಡಗಿದ. ಆದರೆ ಆ ಹುಡುಗಿಯೊಬ್ಬಳನ್ನು ಬಿಟ್ಟರೆ ಬೇರೆ ಯಾರಿಗೂ ತಿಳಿಯಬಾರದು ಎಂಬ ಹಟ ಮಾತ್ರ ಸಡಿಲಾಗಲಿಲ್ಲ.

ಇಸ್ತ್ರಿಯಕ್ಕ ಹೋದದ್ದು ಈ ಕಾಯಿಲೆಯಿಂದಲ್ಲ. ಒಂದು ಬೆಳಗ್ಗೆ ಕೆಲಸದ ಮೇಜಿನ ಮುಂದೆ ಕುಸಿದಳು, ಮಿದುಳಿನ ರಕ್ತನಾಳ ಒಡೆದಿತ್ತು, ಆಸ್ಪತ್ರೆ ಮುಟ್ಟಲಿಲ್ಲ. ಯಾವುದಕ್ಕೆ ಹೆದರಿ ಅಷ್ಟು ವರ್ಷ ಕಳೆದಳೋ ಅದು ಅವಳ ಜೀವ ತೆಗೆಯಲೇ ಇಲ್ಲ. ನಾನು ಕೋಣೆಗೆ ಹೋದಾಗ ಬೀಗದಣ್ಣ ಅವಳ ಚಪ್ಪಲಿ ಪಕ್ಕದಲ್ಲಿಟ್ಟುಕೊಂಡು ಕೂತಿದ್ದ. ನನ್ನನ್ನು ನೋಡಿ, "ಅವಳ ಕೈ ಸದಾ ಬೆಚ್ಚಗಿರ್ತಿತ್ತು ತಂಗಿ, ಇಸ್ತ್ರಿ ಹಿಡಿದು ಹಿಡಿದು," ಅಂದ. ನನಗೆ ಅವಳು ಹೋದ ಸಂಕಟದ ಜೊತೆ ಇನ್ನೊಂದು ಭಯ. ಬೆಳಗಿನದು ಸರಿ, ಇನ್ನು ಸಂಜೆಯ ಮಾತ್ರೆ? ಆವತ್ತು ಆ ಮಾತು ಎತ್ತಲು ನನ್ನಿಂದ ಆಗಲಿಲ್ಲ.

ಅವನು ಮಾತ್ರೆಗೆ ಬರಬೇಕಾದ ದಿನ ಬಂತು, ಅವನು ಬರಲಿಲ್ಲ. ಮಾರನೆಯ ದಿನವೂ ಇಲ್ಲ. ಫೋನು ಎತ್ತಲಿಲ್ಲ. ಸಂಜೆ ಕಿಟಕಿ ಮುಚ್ಚಿ, ಹೇಳಬೇಕಾದ ಬೈಗುಳವನ್ನೆಲ್ಲ ದಾರಿಯುದ್ದಕ್ಕೂ ಜೋಡಿಸಿಕೊಂಡು, ಬಸ್ ನಿಲ್ದಾಣದ ಹಿಂದಿನ ರಸ್ತೆಗೆ ಬಂದೆ.

ಅಂಗಡಿ ತೆರೆದಿತ್ತು. ಬೀಗದಣ್ಣ ಯಂತ್ರದ ಮೇಲೆ ಬಗ್ಗಿ ಕೀಲಿಕೈ ಕೊರೆಯುತ್ತಿದ್ದ. ಗಿರಾಕಿ ಹೆಂಗಸೊಬ್ಬಳು ಕಾಯುತ್ತಿದ್ದಳು. ಅಷ್ಟರಲ್ಲಿ ಎದುರಿನ ಟೀ ಅಂಗಡಿಯವನು ಒಂದು ಕೈಯಲ್ಲಿ ಲೋಟ, ಒಂದು ಕೈಯಲ್ಲಿ ಎರಡು ತುಂಡು ಬ್ರೆಡ್ಡು ಹಿಡಿದು ರಸ್ತೆ ದಾಟಿ ಬಂದ.

"ಅಣ್ಣಾ, ಯಂತ್ರ ನಿಲ್ಸಿ. ಮೊದಲು ಮಾತ್ರೆ, ಆಮೇಲೆ ಕೀ."

ಪಕ್ಕದಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಮುದುಕನೂ ತಲೆಯೆತ್ತಿ, "ನಿನ್ನೆ ಕೂಡ ತಡ ಮಾಡಿದ್ದೆ ನೀನು," ಎಂದು ಗದರಿಸಿದ. ಬೀಗದಣ್ಣ ಯಂತ್ರ ನಿಲ್ಲಿಸಿ, ಬ್ರೆಡ್ಡು ತಿಂದು, ಅಂಗಿಯ ಕಿಸೆಯಿಂದ ಮಾತ್ರೆ ತೆಗೆದು, ಹೋಗಿಬರುವ ಜನರ ನಡುವೆ, ಎಲ್ಲರಿಗೂ ಕಾಣುವಂತೆ ನುಂಗಿದ.

"ಬಿಪಿ ಮಾತ್ರೇನಾ ಅಣ್ಣ?" ಕಾಯುತ್ತಿದ್ದ ಹೆಂಗಸು ಕೇಳಿದಳು.

"ಅಲ್ಲಮ್ಮ. ಎಚ್‌ಐವಿ."

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಅವನು ಕೊರೆದು ಮುಗಿಸಿದ ಕೀಲಿಕೈ ಒರೆಸಿ ಮುಂದೆ ಚಾಚಿದ. ಒಂದು ಗಳಿಗೆ ಬಿಟ್ಟು ಅವಳು ಕೈ ನೀಡಿ ತೆಗೆದುಕೊಂಡಳು.

ಗಿರಾಕಿ ಹೋದ ಮೇಲೆ ನಾನು ಸ್ಟೂಲಿನ ಮೇಲೆ ಕೂತೆ. "ಎಲ್ಲರಿಗೂ ಹೇಳ್ಬಿಟ್ರಾ ಅಣ್ಣ?"

"ಹೇಳ್ದೆ. ಅವಳು ಹೋದ ಮೇಲೆ ಎರಡು ಸಂಜೆ ಮರ್ತೇಹೋಯ್ತು ತಂಗಿ. ಭಯ ಆಯ್ತು. ಅವಳು ಅಷ್ಟು ಕಷ್ಟಪಟ್ಟು ಉಳಿಸಿಕೊಂಡ ಜೀವ ಇದು, ನನ್ನೊಬ್ಬನ ನೆನಪಿಗೆ ಬಿಡೋ ಹಾಗಿಲ್ಲ. ಸಂಜೆ ಕೇಳೋಕೆ ಜನ ಬೇಕು. ಜನ ಬೇಕು ಅಂದ್ರೆ ಹೇಳ್ಲೇಬೇಕಲ್ಲ? ಒಂದಿಬ್ಬರು ಗಿರಾಕಿ ಬರೋದು ಬಿಟ್ರು. ಮನೆಯೊಡತಿಗೂ ಹೇಳ್ದೆ. 'ನನಗೆ ಎಂದೋ ಗೊತ್ತಿತ್ತು, ಸುಮ್ಮನೆ ಯಾರಾದ್ರೂ ಡಬ್ಬಿಗೆ ಬೀಗ ಹಾಕ್ತಾರಾ?' ಅಂದ್ಲು."

"ಮತ್ತೆ ಮಾತ್ರೆಗೆ ಯಾಕೆ ಬರ್ಲಿಲ್ಲ? ಫೋನು?"

"ಫೋನು ಕೆಟ್ಟಿದೆ. ಮಾತ್ರೆ ಇನ್ನೂ ವಾರಕ್ಕಿದೆ, ನಾಳೆ ಬರ್ತೀನಿ." ಅವನು ಖಾಲಿ ಲೋಟವನ್ನು ಕೈಯಲ್ಲೇ ತಿರುಗಿಸುತ್ತ ಕೂತ. ಆಮೇಲೆ ನನ್ನ ಕಡೆ ನೋಡದೆ ಹೇಳಿದ:

"ತನ್ನ ತಂಗಿ ಒಬ್ಬಳಿಗೆ ಹೇಳಿದ್ಲು ಅಂತ ಅವಳನ್ನ ಮನೆಯಿಂದ ಆಚೆ ಕಳಿಸ್ದೆ. ಈಗ ನಾನೇ ಬೀದಿಗೆಲ್ಲ ಹೇಳಿದೀನಿ. ಇದನ್ನ ಕೇಳಿ ನಗೋಕೆ ಅವಳಿಲ್ಲ."

ನಾನು ದಾರಿಯಲ್ಲಿ ಜೋಡಿಸಿಕೊಂಡು ಬಂದಿದ್ದ ಬೈಗುಳ ಒಂದೂ ಹೊರಗೆ ಬರಲಿಲ್ಲ. ಟೀ ಅಂಗಡಿಯವನು ಕೇಳದೆಯೇ ನನಗೂ ಒಂದು ಲೋಟ ತಂದುಕೊಟ್ಟ, ನಾನು ಅದನ್ನು ಅಲ್ಲೇ ಬೀಗದಣ್ಣನ ಪಕ್ಕದಲ್ಲಿ ಕೂತು ಕುಡಿದೆ.